ಮೇಷ್ಟ್ರಿಗೆ ಬಿಡುವಿದ್ದರೆ

ಮೈಸೂರಿನ ಮಾನಸಗಂಗೋತ್ರಿಗೋ ಧಾರವಾಡಕ್ಕೋ ಎಂ.ಎಸ್ಸಿ. ಓದಲು ಬಂದ ಹಳ್ಳಿಯ ಹುಡುಗಿ ಮನೆ ಬಿಟ್ಟು ಇರುವುದು ಎಷ್ಟೋ ಸಲ ಅದೇ ಮೊದಲು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು ಈಗ ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕು. ಹಾಸ್ಟೆಲಿನಲ್ಲಿ ನಿದ್ದೆ ಹತ್ತುವುದಿಲ್ಲ, ಮೆಸ್ಸಿಗೆ ಹೋಗಲು ಮನಸ್ಸಿಲ್ಲ, ನಾಲ್ಕು ದಿನ ತರಗತಿಗೂ ಬರುವುದಿಲ್ಲ. ಇಷ್ಟಕ್ಕೇ ಅದನ್ನು ಕಾಯಿಲೆ ಎನ್ನಲಾಗದು. ಇದನ್ನು ಮೊದಲು ಕಾಣಬಲ್ಲವರು ಹಾಜರಿ ಕರೆಯುವ ಮೇಷ್ಟ್ರು. ಆಪ್ತಸಮಾಲೋಚಕರ ಬಾಗಿಲಿಗೆ ಅವಳು ಇನ್ನೂ ಹೋಗಿಲ್ಲ, ತಾನಾಗಿ ಹೋಗುವುದೂ ಅನುಮಾನ.

ಆ ಮೇಷ್ಟ್ರಿಗೆ ಕಾಣುವಷ್ಟು ಬಿಡುವಿದೆಯೇ? ಯುಜಿಸಿಯ 2018ರ ನಿಯಮದಂತೆ ಅಧ್ಯಾಪಕರದು ವಾರಕ್ಕೆ 40 ಗಂಟೆಯ ಕೆಲಸ. ಸಹಾಯಕ ಪ್ರಾಧ್ಯಾಪಕರು ಅದರಲ್ಲಿ 16 ಗಂಟೆ ಪಾಠ ಮಾಡಬೇಕು. ಉಳಿದ ಹೊತ್ತು ಓದಿಗೆ, ಸಂಶೋಧನೆಗೆ, ವಿದ್ಯಾರ್ಥಿಗಳಿಗೆ. ಆದರೆ ಆ ಹೊತ್ತನ್ನು ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತದ ಯುಯುಸಿಎಂಎಸ್ ಪೋರ್ಟಲಿಗೆ ಅಂಕ ತುಂಬುವುದು, ಮೌಲ್ಯಮಾಪನ, ಸಮಿತಿಗಳ ಸಭೆ ನುಂಗುತ್ತವೆ. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಂತೂ ಕಡತ, ಫೋಟೊ, ವರದಿಗಳದೇ ರಾಜ್ಯ. ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳೆಂದು ನ್ಯಾಕ್ ಕೇಳುತ್ತದೆ, ಒಳ್ಳೆಯ ಪ್ರಶ್ನೆಯೇ. ಆದರೆ ಎಷ್ಟೋ ಕಡೆ ವರ್ಷದ ಮೆಂಟರ್ ಡೈರಿಯನ್ನು ಒಂದೇ ಸಲ ಕೂತು ಬರೆದು ಮುಗಿಸುತ್ತಾರೆ. ಅದೇ ಹೊತ್ತಿಗೆ ಹುಡುಗಿ ಬಾಗಿಲಲ್ಲಿ ನಿಂತು, “ಸರ್, ಒಂದ್ನಿಮಿಷ” ಎನ್ನುತ್ತಾಳೆ. “ನಾಳೆ ಬಾರಮ್ಮ” ಎಂಬ ಉತ್ತರದಲ್ಲಿ ಕಾಠಿಣ್ಯವೇನೂ ಇರುವುದಿಲ್ಲ. ಅವಳು ಮಾತ್ರ ನಾಳೆ ಬರುವುದಿಲ್ಲ.

ಇದು ಕಾಯಂ ನೌಕರಿಯವರ ಮಾತಾಯಿತು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತವರು ಅತಿಥಿ ಉಪನ್ಯಾಸಕರು. ಹತ್ತು ಹದಿನೈದು ವರ್ಷ ಪಾಠ ಮಾಡಿಯೂ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ತಿಳಿಯದವರು. 2023ರ ಕೊನೆಯಲ್ಲಿ ಅವರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತರು. ತಮ್ಮ ನಾಳೆಯೇ ಗೊತ್ತಿಲ್ಲದವರು ಮತ್ತೊಬ್ಬರಿಗೆ ಧೈರ್ಯ ಹೇಳುವುದು ಸುಲಭವಲ್ಲ. ಆದರೂ ಹೇಳುತ್ತಾರೆ, ಅದು ಅವರ ದೊಡ್ಡತನ.

ಸಂಶೋಧನಾ ವಿದ್ಯಾರ್ಥಿಗಳ ಕಷ್ಟ ಬೇರೆ ಬಗೆಯದು. ಫೆಲೋಶಿಪ್ ತಡವಾದರೆ ಮೆಸ್ ಬಾಕಿ ಬೆಳೆಯುತ್ತದೆ, ಪ್ರಬಂಧ ಮುಂದೆ ಸಾಗಲು ಗೈಡ್ ಸಹಿಯೇ ಬೇಕು. ಆ ಗೈಡ್ ಜೊತೆಗೇ ಮನಸ್ತಾಪವಾದರೆ ಯಾರ ಬಳಿ ಹೇಳಿಕೊಳ್ಳುವುದು? ವಿಭಾಗದ ಹೊರಗಿನ ಒಬ್ಬ ಹಿರಿಯರು ಕೇಳಿಸಿಕೊಳ್ಳುವ ಏರ್ಪಾಡು ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಲೇಬೇಕು.

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿಯೂ ಆಗಬೇಕು. ಕಲಿತದ್ದು ಕೆಲಸಕ್ಕೆ ಬರಬೇಕಾದರೆ ವಾರಕ್ಕೊಂದು ಗಂಟೆಯಾದರೂ ವಿದ್ಯಾರ್ಥಿಗಳ ಭೇಟಿಗೆಂದೇ ವೇಳಾಪಟ್ಟಿಯಲ್ಲಿ ಮೀಸಲಿಡಬೇಕು, ಅದನ್ನು ಕೆಲಸದ ಅವಧಿಯೆಂದೇ ಲೆಕ್ಕ ಹಿಡಿಯಬೇಕು.

ರಾತ್ರಿ ಹೊತ್ತಿನ ಸಂಕಟಕ್ಕೆ ಟೆಲಿ-ಮಾನಸ್ ಸಹಾಯವಾಣಿ ಇದೆ: ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಆಧಾರ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಈ ಸಂಖ್ಯೆ ಬರೆಯುವವರು ಸ್ಟಾಫ್ ರೂಮಿನ ಗೋಡೆಯ ಮೇಲೂ ಬರೆಯಲಿ.