ಪಿತ್ತಕೋಶದ ಕೊರಳ ಹತ್ತಿರ

ಮರಿಯಮ್ಮನಹಳ್ಳಿಯಲ್ಲಿ ಸಂಜೆ ಒಗ್ಗರಣಿ-ಮಿರ್ಚಿ ತಿಂದವರಿಗೆ ರಾತ್ರಿ ಬಲಪಕ್ಕೆಯ ಕೆಳಗೆ ನೋವು ಬಂದರೆ ಮೊದಲು ಬೈಸಿಕೊಳ್ಳುವುದು ಗ್ಯಾಸು. ಸೋಡಾ ಕುಡಿದು ಮಲಗುತ್ತಾರೆ. ನೋವು ಬೆನ್ನಿಗೆ, ಬಲ ಹೆಗಲಿಗೆ ಹರಿದು ತಾಸುಗಟ್ಟಲೆ ಬಿಡದಿದ್ದಾಗ ಹೊಸಪೇಟೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಪಿತ್ತಕೋಶದಲ್ಲಿ ಕಲ್ಲು ಎಂದು ಗೊತ್ತಾದ ಮೇಲೂ ಬಾಳೆದಿಂಡಿನ ರಸ, ಹುರುಳಿ ಕಟ್ಟು ಶುರುವಾಗುವುದುಂಟು. ಅವೆರಡೂ ಹೆಸರಾದದ್ದು ಮೂತ್ರಪಿಂಡದ ಕಲ್ಲಿಗೆ. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ನಂಟೇ ಇಲ್ಲ. ಕೊಡಗಟ್ಟಲೆ ನೀರು ಕುಡಿದರೂ ಈ ಕಲ್ಲು ಕೊಚ್ಚಿಹೋಗದು.

ಯಕೃತ್ತಿನ ಅಡಿಗೆ ಅಂಟಿಕೊಂಡ ಈ ಚೀಲ ಹಿಡಿಸುವುದು 30ರಿಂದ 50 ಮಿ.ಲೀ. ಪಿತ್ತರಸ. ಜಿಡ್ಡಿನ ಊಟ ಕರುಳಿಗೆ ಇಳಿದಾಗ ಅದು ಹಿಂಡಿಕೊಳ್ಳುತ್ತದೆ. ಕಲ್ಲು ಕೊರಳಿಗೆ ಅಡ್ಡ ಬಂದರೆ ನೋವು. ಅಲ್ಲೇ ಸಿಕ್ಕಿಬಿದ್ದರೆ ಊತ, ಕೀವು. ಜಾರಿ ಮುಖ್ಯ ಪಿತ್ತನಾಳಕ್ಕೆ ಇಳಿದರೆ ಕಾಮಾಲೆ. ಕೆಲವರಿಗೆ ಮೇದೋಜೀರಕ ಗ್ರಂಥಿಯೂ ಊದಿ ಜೀವಕ್ಕೇ ಬರುತ್ತದೆ. ನಾಳದೊಳಗಿನ ಕಲ್ಲನ್ನು ಸಾಮಾನ್ಯವಾಗಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯುತ್ತಾರೆ, ಚೀಲವನ್ನೇ ತೆಗೆದುಹಾಕುವ ಸರದಿ ಆಮೇಲೆ.

ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದವರಲ್ಲಿ ಮೊದಲಿಗರು ಬರ್ಲಿನ್‌ನ ಲಾಂಗೆನ್‌ಬುಖ್, 1882ರಲ್ಲಿ. ಸಣ್ಣ ತೂತುಗಳ ಮೂಲಕ ಮೊದಲು ತೆಗೆದವರು 1985ರಲ್ಲಿ ಎರಿಖ್ ಮ್ಯೂಹೆ, ಅವರೂ ಜರ್ಮನಿಯವರೇ. ಭಾರತದಲ್ಲಿ 1990ರಲ್ಲಿ ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯಾ. ತೂತಿನಿಂದ ಒಳಗೆ ನೋಡುವ ದೂರ್ಬೀನು, ಅಂದರೆ ಲ್ಯಾಪರೋಸ್ಕೋಪ್, ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ, ಸಂತಾನಹರಣ ಶಿಬಿರಗಳಲ್ಲಿ ಬಳಸುತ್ತಿದ್ದುದೂ ಅದನ್ನೇ.

ಪಿತ್ತಕೋಶ ತೆಗೆಯುವಾಗ ಹೊಕ್ಕುಳ ಬಳಿ ಒಂದು ಸೆಂ.ಮೀ. ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಈ ಅನಿಲ ಉರಿಯುವುದಿಲ್ಲ, ಹಾಗಾಗಿ ಒಳಗೆ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸಬಹುದು. ರಕ್ತದಲ್ಲಿ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ. ಮರುದಿನ ಹೆಗಲು ನೋಯುತ್ತದೆಂದು ರೋಗಿ ಗೊಣಗುವುದು ಅನಿಲದಿಂದ ವಪೆಗೆ ಆದ ಕಿರಿಕಿರಿಗೆ. ಕ್ಯಾಮೆರಾ ಒಂದು ತೂತಿನಲ್ಲಿ, ಸಲಕರಣೆಗಳು ಇನ್ನು ಮೂರರಲ್ಲಿ.

ನಿಜವಾದ ಅಪಾಯವಿರುವುದು ಪಿತ್ತಕೋಶದ ಕೊರಳ ಹತ್ತಿರದ ಪುಟ್ಟ ತ್ರಿಕೋನದಲ್ಲಿ. ಕ್ಯಾಲೋ ತ್ರಿಕೋನ ಅನ್ನುತ್ತಾರೆ. ಚೀಲದ ನಾಳ, ಅದರ ರಕ್ತನಾಳ, ಯಕೃತ್ತಿನಿಂದ ಬರುವ ದೊಡ್ಡ ನಾಳ ಎಲ್ಲವೂ ಅಲ್ಲೇ ಒತ್ತೊತ್ತಾಗಿವೆ. ಊತ ಹಳೆಯದಾದರೆ ಮಳೆಗೆ ನೆನೆದ ಬೆಲ್ಲದ ಪೆಂಟೆ ಗೋಣಿಗೆ ಅಂಟಿದಂತೆ ಒಂದಕ್ಕೊಂದು ಅಂಟಿ, ಯಾವುದು ಏನೆಂದು ತಿಳಿಯುವುದಿಲ್ಲ. ಬೆರಳಿಂದ ಮುಟ್ಟಿ ನೋಡುವ ಅನುಕೂಲ ಇಲ್ಲಿಲ್ಲ, ಇರುವುದು ಪರದೆ ಮಾತ್ರ. ದೊಡ್ಡ ನಾಳವನ್ನು ಚೀಲದ ನಾಳವೆಂದು ತಿಳಿದು ಕತ್ತರಿಸಿದರೆ ರೋಗಿಗೆ ವರ್ಷಗಟ್ಟಲೆ ಪಡಿಪಾಟಲು. ಅದಕ್ಕೇ 1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ ಒಂದು ಶಿಸ್ತು ಹೇಳಿದರು: ಆ ಜಾಗವನ್ನು ಪೂರ್ತಿ ಬಿಡಿಸಿ, ಚೀಲದ ಕೆಳಭಾಗವನ್ನು ಯಕೃತ್ತಿನಿಂದ ಎಬ್ಬಿಸಿ, ಚೀಲದೊಳಕ್ಕೆ ಹೋಗುವುದು ಅದರ ನಾಳ, ರಕ್ತನಾಳ ಎರಡೇ ಎರಡು ಎಂದು ಕಣ್ಣಿಗೆ ಕಂಡ ಮೇಲೆ ಕ್ಲಿಪ್ ಹಾಕಿ ಕತ್ತರಿಸಬೇಕು.

ಕಾಣದಿದ್ದರೆ? ಕಲ್ಲು ತೆಗೆದು ಕೊರಳನ್ನು ಅಲ್ಲೇ ಬಿಟ್ಟು ಬರಬಹುದು, ಇಲ್ಲವೇ ಹೊಟ್ಟೆ ತೆರೆಯಬಹುದು. ‘ದೂರ್ಬೀನು ಫೇಲಾಯ್ತಂತೆ’ ಎಂದು ಹೊರಗೆ ಕೂತ ನೆಂಟರು ಮುಖ ಸಣ್ಣ ಮಾಡುತ್ತಾರೆ. ನನಗೆ ಆ ಸರ್ಜನ್ ಮೇಲೆ ನಂಬಿಕೆ ಹುಟ್ಟುವುದೇ ಆಗ. ಒಪ್ಪಿಗೆ ಪತ್ರದಲ್ಲಿ ಅಗತ್ಯಬಿದ್ದರೆ ಹೊಟ್ಟೆ ತೆರೆಯುವ ಮಾತನ್ನು ಬರೆಸಿಕೊಳ್ಳುವುದು ಇದಕ್ಕೇ. ಸಹಿ ಹಾಕುವ ಮುಂಚೆ ಆ ಸಾಲನ್ನು ಡಾಕ್ಟರಿಂದ ಕೇಳಿ ತಿಳಿದುಕೊಂಡರೆ ಆಮೇಲಿನ ಗಾಬರಿ ಅರ್ಧ ತಪ್ಪುತ್ತದೆ.