ಕಾರ್ಪೆಟ್ಟಿನ ಅಡಿಯ ಕಸುಬು

ಹೆದ್ದಾರಿ 66ರಲ್ಲಿ ಕಾರವಾರದಿಂದ ಅಂಕೋಲೆಯ ಕಡೆ ಬರುವ ಗಾಡಿಗಳು ಹಟ್ಟಿಕೇರಿಯ ಟೋಲ್ ಗೇಟಿನಲ್ಲಿ ಒಮ್ಮೆ ನಿಧಾನ ಆಗಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರಿಗೆ ಹೊಸ ಸ್ಟೀರಿಯೊ, ಒಂದು ಆಂಪ್ಲಿಫೈಯರ್, ಡಿಕ್ಕಿಯಲ್ಲೊಂದು ವೂಫರ್ ಹಾಕಿಸಿಕೊಂಡು ಊರಿಗೆ ಹೊರಟಿದ್ದೆ. ಅದರ ಕಾಯಿಲೆ ಗೊತ್ತಾದದ್ದು ಈ ಗೇಟಿನಲ್ಲೇ. ಸಾಲಿನಲ್ಲಿ ನಿಂತಾಗ ಹಾಡಿನ ಹಿಂದೆ ಸೊಳ್ಳೆ ಗುಂಯ್ಗುಟ್ಟಿದಂಥ ಸಣ್ಣ ಸ್ವರ. ಗೇಟು ಎದ್ದು, ಗಾಡಿ ಮುಂದೆ ಸರಿದು, ಎಂಜಿನ್ ವೇಗ ಹಿಡಿದಂತೆ ಆ ಸ್ವರವೂ ಏರತೊಡಗಿತು. ಎಕ್ಸಲರೇಟರಿನಿಂದ ಕಾಲು ತೆಗೆದರೆ ಇಳಿಯಿತು. ಹಾಡು ನಿಲ್ಲಿಸಿದೆ, ಅದು ನಿಲ್ಲಲಿಲ್ಲ. ವಾಲ್ಯೂಮ್ ಸೊನ್ನೆಗೆ ತಂದರೂ ಇತ್ತು.

ಹಾಕಿಕೊಟ್ಟ ಅಂಗಡಿಯವರು ಇನ್ನೂ ದುಬಾರಿಯ ಸೆಟ್ಟು ಬೇಕು ಎಂದರು. ಅಂಕೋಲೆಯ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಸೆಟ್ಟನ್ನು ಮುಟ್ಟಲೇ ಇಲ್ಲ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು, ಕಾರ್ಪೆಟ್ ಎತ್ತಿ, ಬೆರಳು ತೋರಿಸಿದರು. ಬೆರಳುಗಾತ್ರದ ಕೆಂಪು ಕೇಬಲ್ಲು, ಅದರ ಮೈಗೆ ಅಂಟಿಕೊಂಡು ಸಣ್ಣ ಕಪ್ಪು ವೈರು. ಎರಡನ್ನೂ ಸೇರಿಸಿ ಉದ್ದಕ್ಕೂ ಇನ್ಸುಲೇಷನ್ ಟೇಪು ಸುತ್ತಿತ್ತು. ನೋಡುವುದಕ್ಕೆ ಅಚ್ಚುಕಟ್ಟು. 'ಸೆಟ್ಟಿಗೆ ಎಂತದೂ ಆಗ್ಲಿಲ್ಲ ಮಾಸ್ತರ್ರೆ, ವೈರು ಹೋದ ದಾರಿ ತಪ್ಪಿದೆ' ಎಂದರು. ಅಂದಿನಿಂದ ಈ ದಾರಿಯ ವಿಷಯ ನನ್ನನ್ನು ಬಿಟ್ಟಿಲ್ಲ.

ಕಾರಿನ ಸಂಗೀತಕ್ಕೆ ಮುಖ್ಯವಾಗಿ ನಾಲ್ಕು ಬಗೆಯ ತಂತಿಗಳು ಬೇಕು. ಬ್ಯಾಟರಿಯಿಂದ ಆಂಪ್‌ಗೆ ಕರೆಂಟು ಒಯ್ಯುವ ದಪ್ಪ ಪವರ್ ಕೇಬಲ್ಲು, ಆ ಕರೆಂಟು ಮರಳಿ ಹೋಗಲು ಅರ್ಥ್ ವೈರು, ಸ್ಟೀರಿಯೊದಿಂದ ಆಂಪ್‌ಗೆ ಹಾಡನ್ನು ತಲುಪಿಸುವ ಆರ್‌ಸಿಎ ಸಿಗ್ನಲ್ ಕೇಬಲ್ಲು, ಆಂಪ್‌ನಿಂದ ಸ್ಪೀಕರಿಗೆ ಹೋಗುವ ಜೋಡಿ ತಂತಿ. ಇವುಗಳಲ್ಲಿ ಸಿಗ್ನಲ್ ಕೇಬಲ್ಲಿನ ಸ್ವಭಾವ ಬಲು ಮೃದು. ಅದರಲ್ಲಿ ಹರಿಯುವುದು ಒಂದೆರಡು ವೋಲ್ಟು, ಹಾಡು ಮೆಲ್ಲಗಾದಾಗ ವೋಲ್ಟಿನ ನೂರರಲ್ಲೊಂದು ಪಾಲು. ಪವರ್ ಕೇಬಲ್ಲಿನ ಲೆಕ್ಕವೇ ಬೇರೆ. 300 ವಾಟ್ ಹೊಮ್ಮಿಸುವ ಆಂಪ್ ತಾನು ತಿನ್ನುವುದು ಸುಮಾರು 600 ವಾಟ್. ಎಂಜಿನ್ ಓಡುವಾಗಿನ 13.8 ವೋಲ್ಟಿನಲ್ಲಿ ಅದು 43 ಆಂಪಿಯರ್ ಆಯಿತು. ಮನೆಯ 2 ಕಿಲೋವಾಟ್ ಗೀಸರ್ ಎಳೆಯುವುದು 9 ಆಂಪಿಯರ್ ಮಾತ್ರ. ಐದು ಗೀಸರುಗಳಷ್ಟು ಕರೆಂಟು ಹರಿಯುವ ತಂತಿಯ ಮಗ್ಗುಲಿಗೆ ಪಿಸುಮಾತಿನ ತಂತಿಯನ್ನು ಕಟ್ಟಿಹಾಕಿದ್ದರು.

ಕರೆಂಟು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಏಳುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡ. ಆ ಕ್ಷೇತ್ರ ಏರಿಳಿದರೆ ಪಕ್ಕದ ತಂತಿಯಲ್ಲಿ ತಾನಾಗಿ ವೋಲ್ಟೇಜ್ ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದ. ಫಿಟ್ಟರನ ನಿಯಮಗಳೆಲ್ಲ ಇಲ್ಲಿಂದಲೇ ಹುಟ್ಟಿದವು. ದೂರ ಇಮ್ಮಡಿಯಾದರೆ ಕ್ಷೇತ್ರ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ದೂರ ಇಡು. ಜೊತೆಯಾಗಿ ಓಡಿದಷ್ಟು ಉದ್ದಕ್ಕೂ ಸೋಂಕು ಸೇರುತ್ತ ಹೋಗುತ್ತದೆ, ಆದ್ದರಿಂದ ಸಮಾನಾಂತರವಾಗಿ ಓಡಿಸಬೇಡ. ಒಂದನ್ನೊಂದು ದಾಟಲೇಬೇಕಾದರೆ ಶಿಲುಬೆಯಂತೆ ನೇರ ಅಡ್ಡ ದಾಟಿಸು. ಲಂಬಕೋನದಲ್ಲಿ ಈ ಪ್ರಭಾವ ಬಹುತೇಕ ಸೊನ್ನೆ.

ಆ ಸ್ವರ ಎಂಜಿನ್ನಿನ ಜೊತೆ ಏರಿದ್ದೇಕೆ ಎಂಬುದಕ್ಕೂ ಲೆಕ್ಕವಿದೆ. ನಮ್ಮ ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎನ್ನುವ ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸಿನ ಎಸಿ. ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಆದರೆ ಪೂರ್ತಿ ಸಮತಟ್ಟಾಗುವುದಿಲ್ಲ, ಮೇಲೆ ಸಣ್ಣ ಅಲೆ ಉಳಿಯುತ್ತದೆ. ಸಾಮಾನ್ಯವಾದ ಹನ್ನೆರಡು ಧ್ರುವಗಳ ಆಲ್ಟರ್ನೇಟರಿನಲ್ಲಿ ಒಂದು ಸುತ್ತಿಗೆ 36 ಅಲೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಅದರ ಬೆಲ್ಟು ಆಲ್ಟರ್ನೇಟರನ್ನು ಎರಡೂವರೆ ಪಟ್ಟು, ಅಂದರೆ 2000 ಸುತ್ತು ತಿರುಗಿಸಿದರೆ, ಸೆಕೆಂಡಿಗೆ 1200 ಅಲೆಗಳಾದವು. ಎಂಜಿನ್ 2400ಕ್ಕೆ ಏರಿದಾಗ 3600. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸರಿಸುಮಾರು ಅಲ್ಲಿಯೇ. ಹಟ್ಟಿಕೇರಿಯ ಗೇಟಿನಲ್ಲಿ ನಾನು ಕೇಳಿದ್ದು ನನ್ನದೇ ಡೈನಮೋದ ದನಿ.

ನಮ್ಮ ಕಡೆಯ ಗಜನಿ ಗದ್ದೆ ಕಂಡವರಿಗೆ ಈ ಕಸುಬನ್ನು ವಿವರಿಸುವುದು ಸುಲಭ. ಒಡ್ಡಿನ ಆಚೆ ಉಬ್ಬರದ ಉಪ್ಪುನೀರು, ಈಚೆ ಭತ್ತ. ಒಡ್ಡು ಒಂದೆಡೆ ಸಡಿಲವಾದರೂ ಪೈರಿಗೆ ಉಪ್ಪು ಹತ್ತುತ್ತದೆ. ರೈತ ಸಮುದ್ರವನ್ನು ನಿಲ್ಲಿಸಲಾರ, ಅದು ಎಲ್ಲಿಯವರೆಗೆ ಬರಬೇಕು ಎಂಬುದನ್ನಷ್ಟೇ ಕಾಯುತ್ತಾನೆ. ವೈರು ಎಳೆಯುವವನ ಕೆಲಸವೂ ಅಷ್ಟೇ: ಡೈನಮೋದ ಅಲೆ ಇದ್ದೇ ಇರುತ್ತದೆ, ಅದು ಹಾಡಿನ ಗದ್ದೆಗೆ ನುಗ್ಗದಂತೆ ದಾರಿ ಕಟ್ಟಬೇಕು.

ನನ್ನ ಕಾರಿಗೆ ಮತ್ತೆ ವೈರು ಎಳೆಯುವುದನ್ನು ಇಡೀ ದಿನ ಕೂತು ನೋಡಿದೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಮುಂದಿನ ಸೀಟುಗಳು ಹೊರಗೆ ಬಂದವು. ಬ್ಯಾಟರಿ ಇದ್ದ ಮಗ್ಗುಲಿನಲ್ಲೇ ಪವರ್ ಕೇಬಲ್ಲು ಬರಬೇಕೆಂದು ತೀರ್ಮಾನಿಸಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲಿ ತೂತು ಮಾಡಿ, ಅದಕ್ಕೆ ರಬ್ಬರ್ ಬುಶ್ ಕೂರಿಸಿದರು. ಈ ಪುಟ್ಟ ರಬ್ಬರ್ ಇಲ್ಲದಿದ್ದರೆ ತಗಡಿನ ಅಂಚು ಗಾಡಿಯ ಅಲುಗಾಟಕ್ಕೆ ದಿನವೂ ಕೇಬಲ್ಲಿನ ಮೈ ಕೊರೆಯುತ್ತದೆ. ಒಂದು ದಿನ ತಾಮ್ರ ಬಾಡಿಗೆ ತಾಗಿದರೆ ಬೆಂಕಿ. ಅದಕ್ಕಾಗಿಯೇ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು ಇರಬೇಕು. ಆ ಫ್ಯೂಸು ಕಾಯುವುದು ಆಂಪನ್ನಲ್ಲ, ಕೇಬಲ್ಲನ್ನು ಮತ್ತು ಒಳಗೆ ಕೂತ ಮನೆಮಂದಿಯನ್ನು.

ಸಿಗ್ನಲ್ ಕೇಬಲ್ಲು ಎದುರು ಮಗ್ಗುಲಿನಲ್ಲಿ ಹೋಯಿತು. ಎರಡರ ನಡುವೆ ಒಂದೂವರೆ ಅಡಿ ಅಂತರ ಎಂಬುದು ಈ ಕಸುಬಿನ ರೂಢಿಯ ಅಳತೆ. ಸಣ್ಣ ಕಾರುಗಳಲ್ಲಿ ಒಂದು ಎಡ ಹೊಸ್ತಿಲು, ಇನ್ನೊಂದು ಬಲ ಹೊಸ್ತಿಲು ಹಿಡಿದರೆ ಅಳತೆಪಟ್ಟಿಯೇ ಬೇಡ. ಆದರೆ ಆ ಹೊಸ್ತಿಲಿನಲ್ಲಿ ಕಂಪನಿಯೇ ಹಾಕಿದ ವೈರುಗಳ ಕಟ್ಟು ಆಗಲೇ ಮಲಗಿರುತ್ತದೆ. ಪೆಟ್ರೋಲ್ ಟ್ಯಾಂಕಿನ ಪಂಪಿಗೆ ಹೋಗುವ ವೈರೂ ಅದರಲ್ಲಿರಬಹುದು. ಆ ಕಟ್ಟಿನ ಮೇಲೆಯೇ ಸಿಗ್ನಲ್ ಕೇಬಲ್ಲು ಮಲಗಿಸಿದರೆ ಹೊಸ ಕಾಯಿಲೆ. ಕಟ್ಟಿನಿಂದ ನಾಲ್ಕು ಬೆರಳು ಒಳಕ್ಕೆ ಸರಿಸಿ, ಒಂದೊಂದು ಗೇಣಿಗೆ ಬಟ್ಟೆಯ ಟೇಪು ಹಚ್ಚಿದರು. ಉಳಿದ ಉದ್ದವನ್ನು ಸುರುಳಿ ಸುತ್ತಿ ಆಂಪಿನ ಅಡಿಗೆ ತುರುಕಲಿಲ್ಲ. ಹಳದಿ ಕೊಳವೆಯೊಳಗಿನ ವೈರು ಏರ್‌ಬ್ಯಾಗಿನದು, ಅದರ ಹತ್ತಿರ ಕೈ ಹಾಕಬಾರದು. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಕೇಬಲ್ಲು ಅದಕ್ಕಿಂತ ಅಪಾಯ. ಈ ಬಣ್ಣಗಳನ್ನು ಗುರುತಿಸಲಾರದವರ ಕೈಗೆ ಇಂದಿನ ಕಾರು ಕೊಡಬಾರದು ಎಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ಕೆಲಸ ಅರ್ಧ. ಉಳಿದರ್ಧ ಅರ್ಥಿನಲ್ಲಿದೆ, ಕರಾವಳಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು. ಕಾರಿನಲ್ಲಿ ಕರೆಂಟು ಮರಳುವುದು ಬಾಡಿಯ ತಗಡಿನ ಮೂಲಕ. ಸ್ಟೀರಿಯೊ ಒಂದು ಕಡೆ, ಆಂಪ್ ಇನ್ನೊಂದು ಕಡೆ ಅರ್ಥ್ ಆಗಿ, ಆ ಎರಡು ಜಾಗಗಳ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಬಂದರೆ, ಕರೆಂಟು ಸಿಗ್ನಲ್ ಕೇಬಲ್ಲಿನ ಹೊರಕವಚವನ್ನೇ ಅಡ್ಡದಾರಿ ಮಾಡಿಕೊಳ್ಳುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಅರ್ಥ್ ಬೋಲ್ಟಿನಲ್ಲಿ ಓಮಿನ ನೂರನೇ ಒಂದು ಪಾಲು ತಡೆ ಇದ್ದು 20 ಆಂಪಿಯರ್ ಹರಿದರೆ, ಅಲ್ಲಿ 0.2 ವೋಲ್ಟ್ ಏಳುತ್ತದೆ. ಮೆಲ್ಲಗಿನ ಹಾಡಿಗಿಂತ ಅದು ದೊಡ್ಡದು.

ಆ ತಡೆಯನ್ನು ಹುಟ್ಟಿಸುವುದು ಬಣ್ಣ, ತುಕ್ಕು, ಕಿಲುಬು. ಅಂಕೋಲೆ, ಕಾರವಾರದ ಗಾಳಿಯಲ್ಲಿ ವರ್ಷವಿಡೀ ಉಪ್ಪಿನ ತೇವ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಬೇರೆ. ಒದ್ದೆ ಚಪ್ಪಲಿಯ ನೀರು ಕಾರ್ಪೆಟ್ಟಿನ ಅಡಿಗೆ ಇಳಿದು ವಾರಗಟ್ಟಲೆ ಆರುವುದಿಲ್ಲ. ತಾಮ್ರದ ತುದಿಗೆ ಹಸಿರು ಕಿಲುಬು, ಬೋಲ್ಟಿಗೆ ಕಂದು ತುಕ್ಕು. ಧಾರವಾಡದಲ್ಲಿ ಹತ್ತು ವರ್ಷ ಬಾಳುವ ಜೋಡಣೆ ಇಲ್ಲಿ ಅಷ್ಟು ಬಾಳದು. ಹಾಗಾಗಿ ಇಲ್ಲಿಯ ಒಳ್ಳೆಯ ಕೆಲಸಗಾರ ತಗಡಿನ ಬಣ್ಣವನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜುತ್ತಾನೆ, ವೈರಿನ ತುದಿಯ ಲೋಹದ ಬಳೆಯನ್ನು, ಅಂದರೆ ಲಗ್ಗನ್ನು, ಒತ್ತಿ ಕೂರಿಸಿ ಬಿಗಿಯುತ್ತಾನೆ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯುತ್ತಾನೆ. ಅರ್ಥ್ ವೈರು ಆದಷ್ಟು ಗಿಡ್ಡ, ಪವರ್ ಕೇಬಲ್ಲಿನಷ್ಟೇ ದಪ್ಪ. ಸೀಟಿನ ಬೋಲ್ಟು, ಬೆಲ್ಟಿನ ಬೋಲ್ಟು ಇದಕ್ಕೆ ಕೂಡದು. ಅವು ಜೀವ ಕಾಯುವ ಬೋಲ್ಟುಗಳು.

ಈ ತೊಡಕು ಕಾರಿಗಿಂತ ಹಳೆಯದು. ಟೆಲಿಫೋನಿನ ತಂತಿಗಳು ಪಕ್ಕದ ತಂತಿಗಳ ಸದ್ದು ಹೀರುವುದನ್ನು ಕಂಡು, ಜೋಡಿ ತಂತಿಗಳನ್ನು ಜಡೆಯಂತೆ ಹೆಣೆಯುವ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ. ಹೆಣೆದಾಗ ಹೊರಗಿನ ಸೋಂಕು ಎರಡೂ ಎಳೆಗಳಿಗೆ ಸಮವಾಗಿ ತಾಗಿ, ಒಂದರದು ಇನ್ನೊಂದಕ್ಕೆ ವಜಾ ಆಗುತ್ತದೆ. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಕಂಪನಿ ಮೊಟೊರೋಲಾ ಹೆಸರಿನ ಕಾರ್ ರೇಡಿಯೊ ಮಾರಾಟಕ್ಕೆ ತಂದಾಗಲೂ ಎದುರಾದ ದೊಡ್ಡ ತೊಡಕು ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳ ಚಟಪಟ ಸದ್ದೇ. ನಮ್ಮ ಬಯಲಾಟದ ಮೈಕ್ ಸೆಟ್ಟಿನವರಿಗೂ ಇದು ಗೊತ್ತಿರುವ ಪಾಠ: ಭಾಗವತರ ಮೈಕಿನ ವೈರನ್ನು ಜನರೇಟರಿನ ವೈರಿನೊಡನೆ ಒಂದೇ ಗಳಕ್ಕೆ ಸುತ್ತಿದರೆ ಪದ್ಯದ ಜೊತೆಗೆ ಬೆಳಗಿನವರೆಗೂ ಗುಂಯ್ ಎನ್ನುತ್ತದೆ.

ಸದ್ದು ಕೇಳಿಯೇ ಕಾಯಿಲೆ ಹೇಳುವುದು ಈ ಕಸುಬಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಎಂಜಿನ್ನಿನೊಡನೆ ಏರಿಳಿಯುವ ಸಿಳ್ಳು ಆಲ್ಟರ್ನೇಟರಿನದು. ಏರಿಳಿತದ ಜೊತೆಗೆ ಟಕಟಕ ಎಂದರೆ ಪ್ಲಗ್ಗಿನ ಕಡೆ ನೋಡಬೇಕು. ಎಂಜಿನ್ ಆರಿಸಿ ಕೀಲಿಯನ್ನಷ್ಟೇ ತಿರುಗಿಸಿದಾಗಲೂ ಇರುವ ಸದ್ದಿಗೆ ಬೇರೆ ಮೂಲ. ಕಾರವಾರ ಆಕಾಶವಾಣಿಯ 102.3 ಎಫ್‌ಎಂ ಕೇಳುತ್ತಿದ್ದು, ಮೊಬೈಲ್ ಚಾರ್ಜರ್ ಚುಚ್ಚಿದೊಡನೆ ಗೊರಗೊರ ಶುರುವಾದರೆ, ತಪ್ಪು ಆ ಅಗ್ಗದ ಚಾರ್ಜರಿನದು. ಅದು ಸೆಕೆಂಡಿಗೆ ಸಾವಿರ ಸಾವಿರ ಸಲ ಕರೆಂಟನ್ನು ಕತ್ತರಿಸಿ ಜೋಡಿಸುತ್ತಿರುತ್ತದೆ, ಆಂಟೆನಾ ಅದನ್ನು ಹಿಡಿಯುತ್ತದೆ. ಕಿತ್ತು ನೋಡಿದರೆ ತಿಳಿಯಿತು. ಧಾರವಾಡದ 765 ಕಿಲೋಹರ್ಟ್ಸ್‌ನ ಮಧ್ಯಮ ತರಂಗಕ್ಕೆ ಈ ಸೋಂಕು ಇನ್ನೂ ಬೇಗ. ಹಾರವಾಡದ ಸುತ್ತ ಕೊಂಕಣ ರೈಲಿನ 25 ಸಾವಿರ ವೋಲ್ಟಿನ ತಂತಿಯ ಹತ್ತಿರ ಹೋದಾಗ ಮಾತ್ರ ಬಂದು ಹೋಗುವ ಸದ್ದಿಗೆ ಕಾರು ಬಿಚ್ಚುವ ಅಗತ್ಯವಿಲ್ಲ, ಅದು ಹೊರಗಿನದು.

ಒಳಗಿನದನ್ನು ಹುಡುಕಲು ಉಪಕರಣಕ್ಕಿಂತ ತಾಳ್ಮೆ ಬೇಕು. ಆಂಪಿನಿಂದ ಆರ್‌ಸಿಎ ಪಿನ್ ಕೀಳಬೇಕು. ಸಿಳ್ಳು ನಿಂತರೆ ಆಂಪು ನಿರ್ದೋಷಿ. ಆಮೇಲೆ ಬೇರೊಂದು ಸಿಗ್ನಲ್ ಕೇಬಲ್ಲನ್ನು ಸೀಟಿನ ಮೇಲಿಂದಲೇ ತಾತ್ಕಾಲಿಕವಾಗಿ ಹಾಯಿಸಿ ಕೇಳಬೇಕು. ಅದರಲ್ಲಿ ಸದ್ದಿಲ್ಲದಿದ್ದರೆ ಹಳೆಯ ದಾರಿಯೇ ತಪ್ಪು; ಇದ್ದರೆ ಅರ್ಥ್ ಹುಡುಕಬೇಕು. ಹೀಗೆ ಒಂದೊಂದನ್ನೇ ಬಿಡಿಸುತ್ತ ಹೋಗುವ ಬದಲು ಮೊದಲ ಗಂಟೆಯಲ್ಲೇ ನಾಯ್ಸ್ ಫಿಲ್ಟರ್ ಹಾಕಿಬಿಡುವವರು ಇದ್ದಾರೆ. ಸಿಗ್ನಲ್ ದಾರಿಯಲ್ಲಿ ಕೂರುವ ಅಗ್ಗದ ಫಿಲ್ಟರು ಸಿಳ್ಳಿನ ಜೊತೆ ಮದ್ದಳೆಯ ತಳದನಿಯನ್ನೂ ತಿನ್ನುತ್ತದೆ. ಎಲ್ಲ ಪ್ರಯತ್ನ ಮುಗಿದ ಮೇಲೆ ಸರಿ, ಮೊದಲೇ ಸಲ್ಲದು. ಕೇಬಲ್ಲಿನಲ್ಲೂ ಮೋಸವಿದೆ: ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಎಳೆಯೊಂದನ್ನು ಬ್ಲೇಡಿನಿಂದ ಕೆರೆದರೆ ಬಿಳಿ ಕಾಣುತ್ತದೆ. ಉಪ್ಪುಗಾಳಿಯ ನಮ್ಮೂರಿಗೆ ಅದು ಬೇಡವೇ ಬೇಡ.

ಐಟಿಐಗಳಲ್ಲಿ ಗಾಡಿಗಳ ಎಲೆಕ್ಟ್ರಿಕಲ್ ಕೆಲಸಕ್ಕೆ ಪ್ರತ್ಯೇಕ ಟ್ರೇಡ್ ಇದೆ. ಆದರೂ ವೈರಿನ ದಾರಿ ನಿರ್ಧರಿಸುವ ಕಣ್ಣು ಹತ್ತಾರು ಗಾಡಿಗಳ ಕಾರ್ಪೆಟ್ ಎತ್ತಿದವರಿಗೇ ಬರುತ್ತದೆ. ಗಿರಾಕಿಗಳಾದ ನಾವು ಸ್ಪೀಕರಿನ ಹೆಸರು, ವಾಟಿನ ಸಂಖ್ಯೆಗೆ ಸಾವಿರಾರು ರೂಪಾಯಿ ಎಣಿಸಿ, ವೈರು ಎಳೆಯುವ ಕೂಲಿಗೆ ಚೌಕಾಶಿ ಮಾಡುತ್ತೇವೆ. ಒಂದು ತಾಸಿನಲ್ಲಿ ಮುಗಿಸಿಕೊಡಿ ಎನ್ನುತ್ತೇವೆ. ಸೀಟು ಬಿಚ್ಚದೆ, ಹೊಸ್ತಿಲು ಎತ್ತದೆ ಒಂದು ತಾಸಿನಲ್ಲಿ ಆಗುವ ದಾರಿ ಒಂದೇ: ಎಲ್ಲ ವೈರನ್ನೂ ಸೇರಿಸಿ ಟೇಪು ಸುತ್ತುವುದು. ನನ್ನ ಕಾರಿನಲ್ಲಿ ಆಗಿದ್ದೂ ಅದೇ. ಮುಂದಿನ ಸಲ ಸೆಟ್ಟು ಹಾಕಿಸುವಾಗ, ಪವರ್ ಯಾವ ಕಡೆಯಿಂದ, ಸಿಗ್ನಲ್ ಯಾವ ಕಡೆಯಿಂದ, ಅರ್ಥ್ ಎಲ್ಲಿ ಎಂಬ ಮೂರು ಪ್ರಶ್ನೆ ಕೇಳಿ. ನೇರ ಉತ್ತರ ಕೊಟ್ಟವರಿಗೆ ಇಡೀ ದಿನದ ಕೂಲಿ ಕೊಡಿ.

ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲ ಮುಗಿದು ಆಯುಧಪೂಜೆಗೆ ಗಾಡಿ ತೊಳೆಯುವಾಗ ಕಾರ್ಪೆಟ್ ಎತ್ತಿ ಒಣಗಿಸಿ. ಆಂಪಿನ ಅರ್ಥ್ ಬೋಲ್ಟನ್ನು ಬಿಚ್ಚಿ, ಉಜ್ಜಿ, ಜೆಲ್ಲಿ ಹಚ್ಚಿ, ಮತ್ತೆ ಬಿಗಿಯಿರಿ. ಹತ್ತು ನಿಮಿಷದ ಕೆಲಸ.