ನಿಮ್ಮ ಜಮೀನು ಯಾವ್ಯಾವ ಕಚೇರಿ ಲೆಕ್ಕದಲ್ಲಿದೆ? ಬೀಚನಹಳ್ಳಿ ಸುತ್ತಿನ ಗ್ರಾಮ, ಹೋಬಳಿ, ತಾಲ್ಲೂಕುಗಳ ಕಥೆ

ಮೊಬೈಲ್‌ನಲ್ಲಿ ಪಹಣಿ ತೆಗೆದ ತಕ್ಷಣ ನಾವು ನೋಡೋದು ಸರ್ವೆ ನಂಬರ್, ಹೆಸರು, ಎಕರೆ-ಗುಂಟೆ. ಮೇಲಿನ ಸಾಲಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಅಂತ ಇರುತ್ತಲ್ಲ, ಅದನ್ನ ಓದೋರು ಕಡಿಮೆ. ಆದರೆ ಅರ್ಜಿ ಯಾವ ಮೇಜಿಗೆ ಹೋಗಬೇಕು ಅನ್ನೋದನ್ನ ತೀರ್ಮಾನ ಮಾಡೋದು ಆ ಸಾಲೇ.

ನಮ್ಮ ಕಡೆ ನಡೆದ ಒಂದು ವಿಷಯ ಹೇಳ್ತೀನಿ. ಪರಿಚಯದ ರೈತರೊಬ್ಬರ ಮುಸುಕಿನ ಜೋಳಕ್ಕೆ ರಾತ್ರಿ ಆನೆ ನುಗ್ಗಿತು. ಬೆಳೆ ನಷ್ಟ ಅಂದ್ರೆ ಕಂದಾಯದವರೇ ಅಂದುಕೊಂಡು ಅವರು ನಾಲ್ಕು ದಿನ ಒಂದು ಕಚೇರಿಗೆ ಅಲೆದರು. "ಇದು ನಮ್ಮದಲ್ಲ, ಅರಣ್ಯದವರದು" ಅಂತ ಅಲ್ಲಿ ಹೇಳೋ ಹೊತ್ತಿಗೆ ಮನೆಯವರು ಹೊಲ ಉತ್ತಾಗಿತ್ತು. ಮಹಜರಿಗೆ ತೋರಿಸೋಕೆ ಒಂದು ದಂಟೂ ಉಳಿದಿರಲಿಲ್ಲ. ಪರಿಹಾರ ಕೈಗೆ ಬರಲಿಲ್ಲ.

ಒಂದೇ ಹೊಲದ ಮೇಲೆ ನಾಲ್ಕೈದು ಇಲಾಖೆಗಳ ಗೆರೆ ಬಿದ್ದಿರುತ್ತೆ. ಒಂದೊಂದು ಗೆರೆ ಒಂದೊಂದು ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಎಳೆದದ್ದು. ಅದು ಹೇಗೆ ಬಂತು ಅಂತ ಗೊತ್ತಿದ್ದರೆ ಅಲೆದಾಟ ಅರ್ಧ ಕಡಿಮೆ ಆಗುತ್ತೆ.

ಶಾನುಭೋಗರಿಂದ ಗ್ರಾಮ ಆಡಳಿತಾಧಿಕಾರಿವರೆಗೆ

ಹಳೇ ಮೈಸೂರು ಸಂಸ್ಥಾನದಲ್ಲಿ ಊರಿನ ಲೆಕ್ಕ ಶಾನುಭೋಗರ ಕೈಲಿ, ಕಂದಾಯ ವಸೂಲಿ ಪಟೇಲರ ಕೈಲಿ. ಎರಡೂ ವಂಶಪಾರಂಪರ್ಯದ ಹುದ್ದೆ. ಹೋಬಳಿಗೆ ಶೇಕ್‌ದಾರರು, ತಾಲ್ಲೂಕಿಗೆ ಅಮಲ್ದಾರರು. ನಮ್ಮ ಅಜ್ಜಂದಿರು ಈಗಲೂ ಕಂದಾಯ ನಿರೀಕ್ಷಕರನ್ನ "ಶೇಕ್‌ದಾರ್ರು" ಅಂತಲೇ ಕರೀತಾರೆ.

1961ರ ಗ್ರಾಮಾಧಿಕಾರ ರದ್ದು ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶದ ಹುದ್ದೆ ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅವರೇ ಇವತ್ತಿನ ಗ್ರಾಮ ಆಡಳಿತಾಧಿಕಾರಿ. ನಿಮ್ಮ ಜಮೀನು ಹಿಂದೆ ತಳವಾರಿಕೆ ಇಲ್ಲವೇ ತೋಟಿ ಇನಾಂ ಆಗಿದ್ದರೆ, ಮಾರೋಕೆ, ಕೊಳ್ಳೋಕೆ ಮುಂಚೆ ಮರುಮಂಜೂರಾತಿ ಆದೇಶ ಕೇಳಿ ನೋಡಿ. ಅದರ ಬೇರು ಇರೋದು ಈ ಕಾಯ್ದೆಯಲ್ಲೇ.

ಇನ್ನೊಂದು ದೊಡ್ಡ ಬದಲಾವಣೆ 1974ರದ್ದು. ಹುಣಸೂರಿನಿಂದ ಆರಿಸಿ ಬಂದ ಡಿ. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಭೂಸುಧಾರಣಾ ತಿದ್ದುಪಡಿ ಆ ವರ್ಷ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ 7 ಹಾಕಿದರು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿತು, ಗೆದ್ದವರಿಗೆ ಫಾರಂ 10 ಸಿಕ್ಕಿತು. ನಿಮ್ಮ ತಾತ ಗೇಣಿ ಮಾಡ್ತಿದ್ದ ಜಮೀನಾದರೆ ಆ ಫಾರಂ 10 ಮನೇಲಿ ಇದೆಯಾ ಅಂತ ಇವತ್ತೇ ಹುಡುಕಿ. ಅಣ್ಣತಮ್ಮಂದಿರ ವಿಭಾಗದ ಹೊತ್ತಿಗೆ ಅದು ಬೇಕೇ ಬೇಕು.

ತಾಲ್ಲೂಕು ಬದಲಾಗಿದೆ, ದಾಖಲೆ ನೋಡಿ

ಹುಣಸೂರು ಉಪವಿಭಾಗ ಅಂದ್ರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ನಾವು ಎಣಿಸ್ತಿದ್ವಿ. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಸರಗೂರೂ ಒಂದು. ಅದು ಎಚ್.ಡಿ. ಕೋಟೆಯಿಂದ ಬೇರೆ ಆಯ್ತು. ಆಮೇಲೆ ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ಆಯ್ತು. ಹೀಗಾಗಿ ಅಪ್ಪನ ಕಾಲದ ಕ್ರಯಪತ್ರದಲ್ಲಿ ಒಂದು ತಾಲ್ಲೂಕು, ಈಗಿನ ಪಹಣಿಯಲ್ಲಿ ಇನ್ನೊಂದು ಇದ್ದರೆ ಗಾಬರಿ ಬೇಡ. ಕೆ.ಆರ್. ನಗರದ ಕಡೆಯವರಿಗೆ ಹಳೇ ಪತ್ರದಲ್ಲಿ "ಎಡತೊರೆ ತಾಲ್ಲೂಕು" ಅಂತಲೂ ಸಿಗಬಹುದು. ಅದು ಅದೇ ತಾಲ್ಲೂಕಿನ ಹಿಂದಿನ ಹೆಸರು. ಹಳೇ ಕಡತದ ನಕಲು ಬೇಕಾದಾಗ ಮಾತ್ರ, ಅದು ಹಳೇ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲಿದೆಯೋ ಹೊಸದಕ್ಕೆ ಬಂದಿದೆಯೋ ಅಂತ ಮೊದಲೇ ವಿಚಾರಿಸಿ ಹೊರಡಿ.

"ಗ್ರಾಮ" ಅನ್ನೋ ಪದದಲ್ಲೂ ಒಂದು ತೊಡಕಿದೆ. ಪಹಣಿಯ ಗ್ರಾಮ ಅಂದ್ರೆ ಕಂದಾಯ ಗ್ರಾಮ. ನೀವು ವಾಸ ಇರೋ ಊರು, ಹಾಡಿ, ಕಾಲೊನಿ ಬೇರೆ ಹೆಸರಲ್ಲಿರಬಹುದು. ಒಂದು ಮನೆಯೂ ಇಲ್ಲದ ಬೇಚರಾಕ್ ಗ್ರಾಮಗಳೂ ದಾಖಲೆಯಲ್ಲಿ ಜೀವಂತ ಇರ್ತವೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ಊರು ಬಿಟ್ಟು ಬಂದ ಕುಟುಂಬಗಳಿಗಂತೂ ಮನೆ ಒಂದು ಕಡೆ, ದಾಖಲೆ ಇನ್ನೊಂದು ಕಡೆ ಆಗಿರೋದು ಹೊಸದಲ್ಲ.

ಪಂಚಾಯಿತಿ ಬೇರೆ, ಕಂದಾಯ ಬೇರೆ

1983ರ ಕಾಯ್ದೆಯಿಂದ ಮಂಡಲ ಪಂಚಾಯಿತಿಗಳು ಬಂದವು, 1987ರಲ್ಲಿ ಚುನಾವಣೆ ಆಯ್ತು. ಅದರ ಹಿಂದೆ ನಿಂತವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನ ನೀರ್ ಸಾಬ್ ಅಂದರು. ಈಗಿರೋ ಗ್ರಾಮ ಪಂಚಾಯಿತಿ 1993ರ ಕಾಯ್ದೆಯದ್ದು. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು.

ಪಂಚಾಯಿತಿಯನ್ನ ನಾವು ಆರಿಸ್ತೀವಿ. ಕಂದಾಯ ಇಲಾಖೆ ಸರ್ಕಾರದ್ದು. ಪಂಚಾಯಿತಿ ಅಧ್ಯಕ್ಷರಿಗೆ ಪಹಣಿ ತಿದ್ದೋ ಅಧಿಕಾರ ಇಲ್ಲ. ತಹಶೀಲ್ದಾರರ ಬಳಿ ಬೀದಿದೀಪ ಕೇಳಿ ಪ್ರಯೋಜನ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲಿ ಆಡಳಿತಾಧಿಕಾರಿಗಳು ಬಂದು ಕೂತರು. ಇಂಥ ಹೊತ್ತಲ್ಲಿ ರೈತರ ದನಿ ನೇರವಾಗಿ ದಾಖಲಾಗೋ ಜಾಗ ಗ್ರಾಮಸಭೆ. ಕೃಷಿ ಹೊಂಡ, ಬದು, ಹೊಲದ ದಾರಿ ಇವೆಲ್ಲ ಕ್ರಿಯಾಯೋಜನೆಗೆ ಸೇರಬೇಕಾದರೆ ಅಲ್ಲಿ ಎದ್ದು ಹೇಳಬೇಕು. ಸಭೆ ಮುಗಿದ ಮೇಲೆ ನಡಾವಳಿಯಲ್ಲಿ ಬರೆದಿದ್ದಾರಾ ನೋಡಬೇಕು.

ಯಾವುದಕ್ಕೆ ಎಲ್ಲಿಗೆ?

- ಮನೆ, ನಿವೇಶನ, ಇ-ಸ್ವತ್ತು, ಕುಡಿಯೋ ನೀರು: ಗ್ರಾಮ ಪಂಚಾಯಿತಿ, ಪಿಡಿಒ.
- ಜಾತಿ, ಆದಾಯ, ವಂಶವೃಕ್ಷ, ಸಣ್ಣ ರೈತರ ಪ್ರಮಾಣಪತ್ರ: ಹೋಬಳಿಯ ನಾಡಕಚೇರಿ.
- ಬಿತ್ತನೆ ಬೀಜ, ಕೃಷಿ ಇಲಾಖೆ ಸಬ್ಸಿಡಿ: ಹೋಬಳಿಯ ರೈತ ಸಂಪರ್ಕ ಕೇಂದ್ರ.
- ಪೌತಿ ಖಾತೆ, ಪಹಣಿ ತಿದ್ದುಪಡಿ: ಗ್ರಾಮ ಆಡಳಿತಾಧಿಕಾರಿ, ನಾಡಕಚೇರಿ, ತಾಲ್ಲೂಕು ಕಚೇರಿ.
- ಖಾತೆ ಬದಲಾವಣೆ ಆದೇಶಕ್ಕೆ ತಕರಾರು: ಉಪವಿಭಾಗಾಧಿಕಾರಿ, ಹುಣಸೂರು. ಮೇಲ್ಮನವಿಗೆ ಆದೇಶ ತಿಳಿದ ದಿನದಿಂದ 60 ದಿನ.
- ಹದ್ದುಬಸ್ತು, ಪೋಡಿ, ನಕ್ಷೆ: ತಾಲ್ಲೂಕಿನ ಸರ್ವೆ ವಿಭಾಗ.
- ಮಳೆ, ಬರದಿಂದ ಬೆಳೆ ನಷ್ಟ: ಗ್ರಾಮ ಆಡಳಿತಾಧಿಕಾರಿ ಮತ್ತು ಕೃಷಿ ಇಲ್ಲವೇ ತೋಟಗಾರಿಕೆ ಇಲಾಖೆ.
- ಆನೆ, ಹಂದಿ, ಚಿರತೆಯಿಂದ ನಷ್ಟ: ವಲಯ ಅರಣ್ಯಾಧಿಕಾರಿ.
- ನಾಲೆ ನೀರು: ಕಾವೇರಿ ನೀರಾವರಿ ನಿಗಮ.

ಕೊನೆಯ ಎರಡನ್ನ ಬೀಚನಹಳ್ಳಿ ಕಡೆಯವರು ಚೆನ್ನಾಗಿ ನೆನಪಿಡಬೇಕು. ಅರಣ್ಯದ ವಲಯಕ್ಕೂ ಕಂದಾಯದ ಹೋಬಳಿಗೂ ಗಡಿ ಒಂದೇ ಅಲ್ಲ. ಪಕ್ಕದ ಹೊಲದವರು ಬೇರೆ ವಲಯಕ್ಕೆ ಸೇರಿರಬಹುದು. ನಿಮ್ಮದು ಯಾವ ವಲಯ ಅಂತ ಕಾಡಂಚಿನ ಫಾರೆಸ್ಟ್ ಗಾರ್ಡ್‌ನ ಮೊದಲೇ ಕೇಳಿ ನಂಬರ್ ಸೇವ್ ಮಾಡಿಟ್ಟುಕೊಳ್ಳಿ. ನೀರಿನ ಕಥೆಯೂ ಹಾಗೇ. 19.52 ಟಿಎಂಸಿ ಹಿಡಿಯೋ ಜಲಾಶಯ ನಮ್ಮ ಕಣ್ಣೆದುರಿಗೇ ಇದ್ದರೂ, ನಾಲೆ ಹರಿಯೋದು ಕೆಳಗಿನ ನಂಜನಗೂಡು, ತಿ. ನರಸೀಪುರದ ಕಡೆಗೆ. ನೀರು ಬಿಡೋದು, ನಿಲ್ಲಿಸೋದು ತಹಶೀಲ್ದಾರರ ಕೈಲಿಲ್ಲ.

ಈ ವಾರ ಮಾಡಬೇಕಾದ್ದು

ದಿಶಾಂಕ್ ಆಪ್ ಹಾಕಿಕೊಂಡು ಹೊಲದ ಮಧ್ಯೆ ನಿಂತು ನೋಡಿ. ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತೆ. ಪಹಣಿಯ ಮೇಲಿನ ಸಾಲಿಗೆ ತಾಳೆ ಹಾಕಿ. ಆಪ್‌ನ ಗೆರೆ ಅಂದಾಜಿಗೆ ಮಾತ್ರ, ಬದುವಿನ ಜಗಳಕ್ಕೆ ಸರ್ವೆಯವರ ಅಳತೆಯೇ ಬೇಕು. ಪಹಣಿಯ 11ನೇ ಕಾಲಂನಲ್ಲಿ ತೀರಿಸಿದ ಸಾಲ ಇನ್ನೂ ನಿಂತಿದೆಯಾ ಅಂತಲೂ ನೋಡಿಬಿಡಿ.

ಇನ್ನು ಬೆಳೆ ನಷ್ಟ ಆದರೆ, ಯಾರ ಬಳಿ ಹೋಗೋದಿದ್ದರೂ ಮೊದಲು ಜಿಪಿಎಸ್ ಇರೋ ಫೋಟೊ ತೆಗೀರಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ. ಮಹಜರು ಆಗೋವರೆಗೂ ನೇಗಿಲು, ಟ್ರ್ಯಾಕ್ಟರ್ ಯಾವುದನ್ನೂ ಹೊಲಕ್ಕೆ ಇಳಿಸಬೇಡಿ.